ಗಿಳಿಮೂಗಿನ ವರ

ನನ್ನ ದೊಡ್ಡಪ್ಪ ಹೊನ್ನಾವರದ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕಟಕಟೆಯಲ್ಲಿ ನಿಂತ ಮುಖಗಳನ್ನು ಮೂವತ್ತು ವರ್ಷ ನೋಡಿದ್ದೇನೆಂಬ ಹೆಮ್ಮೆ ಒಂದು ಕಡೆ, ರಟ್ಟು ಕಿತ್ತುಹೋದ ಸಾಮುದ್ರಿಕದ ಪುಸ್ತಕ ಇನ್ನೊಂದು ಕಡೆ. ಹಣೆ, ಹುಬ್ಬು, ಮೂಗು ನೋಡಿ ಮನುಷ್ಯನ ಗುಣ ಹೇಳುವ ವಿದ್ಯೆ ಅದು.

"ಹಿಂದೆ ರಾಜರು ಮುಖ ನೋಡಿಯೇ ಮಂತ್ರಿಯನ್ನ ಆರಿಸ್ತಿದ್ರು. ಬ್ರಿಟಿಷರು ಊರೂರಿಗೆ ಹೋಗಿ ಜನರ ಮೂಗು ಅಳೀತಿದ್ರು. ಸುಮ್ಮನೆ ಅಳೆದ್ರಾ?" ಎನ್ನುತ್ತಿದ್ದರು. ಅಳೆದು ಅವರಿಗೆ ಎಂತ ಸಿಕ್ಕಿತು ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನನಗೆ ಕುಮಟಾದಿಂದ ಒಂದು ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಲೆಕ್ಚರರ್. ವಾಟ್ಸಾಪಿನಲ್ಲಿ ಬಂದ ಫೋಟೋವನ್ನು ದೊಡ್ಡಪ್ಪ ಎರಡು ಬೆರಳಿನಿಂದ ಹಿಗ್ಗಿಸಿ ಅರ್ಧ ಗಂಟೆ ನೋಡಿದರು.

"ಗಿಳಿಮೂಗು, ರಾಜಯೋಗ. ತೆಳು ತುಟಿ, ಮಾತು ಕಮ್ಮಿ. ಹುಡುಗಿ ಕೊಡ್ಲಕ್ಕು, ಅಡ್ಡಿ ಇಲ್ಲ."

ಭಾನುವಾರ ಹುಡುಗ ಅವನ ಅಕ್ಕನ ಜೊತೆ ಬಂದ. ಮೂಗು ಗಿಳಿಯದಲ್ಲ, ಅಪ್ಪಟ ಬೋಂಡಾ. ದೊಡ್ಡಪ್ಪ ಫೋನನ್ನೊಮ್ಮೆ, ಅವನನ್ನೊಮ್ಮೆ ನೋಡಿ ನನ್ನ ಅಪ್ಪನ ಕಿವಿಯಲ್ಲಿ, "ಬೇರೆ ಯಾರನ್ನೋ ಕಳಿಸಿದ್ದಾರೆ ಮಾರಾಯಾ" ಎಂದರು. ಅವರ ಪಿಸುಮಾತು ರಸ್ತೆಗೂ ಕೇಳುತ್ತದೆ.

ಹುಡುಗನ ಅಕ್ಕನ ಮುಖ ಕೆಂಪಾಯಿತು. "ಫೋಟೋಕ್ಕೆ ನಾನೇ ಫಿಲ್ಟರ್ ಹಾಕಿದ್ದು. ಸ್ವಲ್ಪ ಚಂದ ಕಾಣ್ಲಿ ಅಂತ..."

"ಮೂಗು ಅಕ್ಕಂದು, ಉಳಿದದ್ದೆಲ್ಲ ನಂದೇ" ಎಂದ ಹುಡುಗ.

ನನಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಅವಲಕ್ಕಿ ತಟ್ಟೆ ಅಲ್ಲಾಡಿತು.

ದೊಡ್ಡಪ್ಪ ನಗಲಿಲ್ಲ. ಪುಸ್ತಕ ತಂದು, ಅಂಥ ಮೂಗಿನವನು ಜಗಳಗಂಟ ಎಂದು ಗಟ್ಟಿಯಾಗಿ ಓದಿದರು. ಹುಡುಗ ವಿನಯದಿಂದ ಪುಸ್ತಕ ಕೇಳಿ ಪಡೆದು ಪುಟ ತಿರುವಿದ.

"ಅಗಲ ಹಣೆ, ಕಿವಿಯಲ್ಲಿ ಕೂದಲು. ಇಂಥವರು ಕೂಡಿದ ಸಂಬಂಧ ಮುರೀತಾರಂತೆ. ಯಾರ ಮುಖ ಇರಬೌದು ಇದು?"

ಎಲ್ಲರೂ ದೊಡ್ಡಪ್ಪನ ಕಿವಿ ನೋಡಿದೆವು. ಅವರೂ ಮುಟ್ಟಿ ನೋಡಿಕೊಂಡರು.

"ಅದು ಅಚ್ಚಿನ ತಪ್ಪು" ಎಂದರು. ಪುಸ್ತಕ ಇಸಿದುಕೊಂಡು ಮುಚ್ಚಿ, "ಆತು, ಚಾ ತಗೊಳ್ಳಿ."

ಅಂಥ ಸಾಲೇ ಪುಸ್ತಕದಲ್ಲಿ ಇರಲಿಲ್ಲವೆಂದು ಅವನು ನನಗೆ ಹೇಳಿದ್ದು ಮದುವೆಯಾದ ಮೇಲೆ.

ಹೋದ ವರ್ಷ ದೊಡ್ಡಪ್ಪನ ಕಣ್ಣಿನ ಪೊರೆ ತೆಗೆಸಲು ಕರೆದುಕೊಂಡು ಹೋದದ್ದು ನನ್ನ ಗಂಡನೇ. ಪಟ್ಟಿ ಬಿಚ್ಚಿದ ಕೂಡಲೇ ದೊಡ್ಡಪ್ಪ ಎದುರಿಗಿದ್ದ ಅವನ ಮುಖವನ್ನು ತುಂಬ ಹೊತ್ತು ದಿಟ್ಟಿಸಿದರು. ಇನ್ನೇನು ಮೂಗಿನ ವಿಷಯ ಬಂತು ಎಂದುಕೊಂಡೆ.

"ಎಂತ ಕಾಣ್ತು ದೊಡ್ಡಪ್ಪಾ?" ಎಂದ ಅವನು.

"ಹಲ್ಲಲ್ಲಿ ಕೊತ್ತಂಬರಿ ಸೊಪ್ಪು ಸಿಕ್ಕಿದೆ ತಮಾ. ಬಾಯಿ ತೊಳ್ಕೊಂಡು ಬಾ."