ಚಳಕ ಬಿಡಿಸುವ ಕಾಲು

ಮೊದಲ ಸಲ ಬೆನ್ನು ಹಿಡಿದದ್ದು ಶಾಲೆಯಲ್ಲಿ, ಮೂರನೇ ತರಗತಿಯ ಮಕ್ಕಳ ಎದುರಿಗೆ. ನೆಲಕ್ಕೆ ಬಿದ್ದ ಚಾಕ್‌ಪೀಸ್ ಎತ್ತಲು ಬಾಗಿದೆ, ಮತ್ತೆ ಮೇಲೇಳಲು ಆಗಲಿಲ್ಲ. ಟೊಂಕದ ಎರಡೂ ಬದಿಯ ಮಾಂಸವನ್ನು ಯಾರೋ ಒಳಗಿಂದ ಹಿಡಿದು ಒದ್ದೆ ಬಟ್ಟೆಯಂತೆ ಹಿಂಡಿದರು. ಒಂದು ಕೈ ಮೇಜಿನ ಕಾಲಿಗೆ, ಇನ್ನೊಂದು ಕೈ ನೆಲಕ್ಕೆ ಊರಿ ಹಾಗೇ ಉಳಿದೆ. ಮಕ್ಕಳು ನಕ್ಕವು. ಮುಂದೆ ಕೂತಿದ್ದ ಹುಡುಗಿಯೊಬ್ಬಳು ತಾನೂ ನೆಲಕ್ಕೆ ಬಾಗಿ ನನ್ನ ಮುಖ ನೋಡಿ, "ಟೀಚರ್, ಏನು ಹುಡುಕಾಕತ್ತೀರಿ?" ಎಂದು ಕೇಳಿದಳು.

ಅದಾಗಿ ಎಂಟು ತಿಂಗಳು ನಾನು ಹುಡುಕಿದ್ದು ಒಂದನ್ನೇ. ಈ ನೋವಿಗೆ ಒಂದು ಕಾರಣ ಬೇಕಿತ್ತು. ವಾಸಿಯಾಗುವುದು ಆಮೇಲಿನ ಮಾತು; ಇದು ನಿಜ, ಇವಳು ನಾಟಕ ಮಾಡುತ್ತಿಲ್ಲ ಎಂದು ಯಾರಾದರೂ ಒಬ್ಬರು ಹೇಳಬೇಕಿತ್ತು. ಯಾಕೆಂದರೆ ನೋವು ಬಂದಾಗ ನಾನು ಸತ್ತು ಬದುಕುತ್ತಿದ್ದೆ, ಹೋದ ಮೇಲೆ ಬೇರೆಯವರ ಕಣ್ಣಿಗೆ ಗಟ್ಟಿಮುಟ್ಟಾಗಿಯೇ ಕಾಣುತ್ತಿದ್ದೆ. ಅದು ಹೇಳಿ ಕೇಳಿ ಬರುತ್ತಿರಲಿಲ್ಲ. ಸೀನಿದರೆ ಬರುತ್ತಿತ್ತು, ಸೀರೆಯ ನೆರಿಗೆ ಹಿಡಿದರೆ ಬರುತ್ತಿತ್ತು, ರೊಟ್ಟಿ ಬಡಿಯಲು ಕೂತರೆ ಬರುತ್ತಿತ್ತು. ಒಮ್ಮೆ ಸುಮ್ಮನೆ ನಿಂತು ಕಿಟಕಿಯಾಚೆ ಭತ್ತದ ಲಾರಿ ಹೋಗುವುದನ್ನು ನೋಡುತ್ತಿದ್ದಾಗಲೂ ಬಂತು. ನಮ್ಮ ಮನೆಯಲ್ಲಿ ರೊಟ್ಟಿ ಅಂಗಡಿಯಿಂದ ಬರತೊಡಗಿತು.

ಸಿಂಧನೂರಿನಲ್ಲಿ ಎಲುಬಿನ ಡಾಕ್ಟರ ಬಳಿಗೆ ನಾಲ್ಕು ಸಲ ಹೋದೆ. ಅಲ್ಲಿ ಕಾಯುವವರಿಗೆ ಹಾಕಿದ್ದ ಕಬ್ಬಿಣದ ಕುರ್ಚಿಗಳನ್ನು ಮಾಡಿದವನಿಗೆ ಬೆನ್ನೇ ಇರಲಿಲ್ಲ ಎಂದು ಕಾಣುತ್ತದೆ. ಕೂತರೆ ಏಳಲಾಗದು, ಹಾಗಾಗಿ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಬಂದವರೆಲ್ಲ "ಕುಂದರ್ರಿ ಅಕ್ಕಾರ, ಜಾಗ ಅದ" ಎನ್ನುತ್ತಿದ್ದರು. ಎಲ್ಲರಿಗೂ ಕಾರಣ ಹೇಳಿ ಹೇಳಿ ಬೇಸತ್ತು, ಕೊನೆಗೆ ಕಿವಿ ಕೇಳಿಸದವಳಂತೆ ನಿಲ್ಲುವುದನ್ನು ಕಲಿತೆ. ಎಕ್ಸ್‌ರೇ ಆಯಿತು, ಇಂಜೆಕ್ಷನ್ ಆಯಿತು, ಹೊಟ್ಟೆ ಬಿಗಿಯುವ ಅಗಲವಾದ ಬೆಲ್ಟು ಬಂತು, ಹಚ್ಚಿದರೆ ಮನೆಯೆಲ್ಲ ನಾರುವ ಮುಲಾಮು ಬಂತು. ಗುಳಿಗೆ ನುಂಗಿದ ದಿನ ನೋವಿನ ಜೊತೆಗೆ ನಿದ್ದೆಯೂ ಬರುತ್ತಿತ್ತು, ಅಷ್ಟೇ ವ್ಯತ್ಯಾಸ.

ನಾಲ್ಕನೆಯ ಸಲ ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ವಯಸ್ಸಿಗೆ ತಕ್ಕ ಸವೆತ ಅದ, ಅಷ್ಟ. ನೀವು ಹೇಳೋ ಪರಿ ನೋವಿಗೆ ಇದರಾಗ ಏನೂ ಕಾಣವಲ್ದು. ಮನ್ಯಾಗ ಟೆನ್ಶನ್ ಏನರ ಅದ ಏನ್ರಿ?"

ನಾನು ಇಲ್ಲ ಎಂದೆ. ಅವರು ನನ್ನ ಗಂಡನ ಕಡೆ ನೋಡಿದರು. ನನ್ನ ಗಂಡನದು ಮೋಟಾರು ಪಂಪಿನ ಬಿಡಿಭಾಗಗಳ ಅಂಗಡಿ. ಮೀಟರು ಹಚ್ಚಿ ನೋಡಿದಾಗ ದೋಷ ಕಾಣದಿದ್ದರೆ ಪಂಪು ಸರಿಯಿದೆ ಎಂದೇ ಅರ್ಥ, ಅದು ಅವರ ಮೂವತ್ತು ವರ್ಷದ ಅನುಭವ. ಹೊರಗೆ ಬಂದ ಮೇಲೆ ಅವರು ನಿಜಕ್ಕೂ ಸಂತೋಷದಿಂದ, "ಏನೂ ಇಲ್ಲಂತಲ್ಲ, ಒಳ್ಳೇದಾತು ಬಿಡು. ಸುಮ್ನ ಮನಸ್ಸಿಗೆ ಹಚ್ಕೊಂಡೀದಿ" ಎಂದರು. ಆಟೊದಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ. ಅವರು ಅದನ್ನೂ ಸಂತೋಷಕ್ಕೆ ಎಂದುಕೊಂಡಿರಬೇಕು, ಪಾಪ.

ಆಗ ಪಕ್ಕದ ಮನೆಯಾಕೆ ತನ್ನ ಔಷಧ ಹೇಳಿದಳು. "ಅಕ್ಕಾರ, ಎಲ್ಲಾ ದವಾಖಾನಿ ಬಿಡ್ರಿ. ಕಾಲು ಮುಂದ ಮಾಡಿ ಹುಟ್ಟಿದವರು ಯಾರರ ಅದಾರೇನು ನೋಡ್ರಿ. ಮೂರು ಸಲ ಡುಬ್ಬದ ಮ್ಯಾಲೆ ಕಾಲು ಇಟ್ರಂದ್ರ ಬೆನ್ನು ಹಿಡಿದ ಚಳಕ ಬಿಟ್ಟು ಹೋಗ್ತದ."

ಸಿಂಧನೂರಿಗೆ ಬಂದು ಇಪ್ಪತ್ತೈದು ವರ್ಷಗಳಾದವು, ಇಲ್ಲಿ ಯಾರಿಗೂ ಹೇಳದೆ ಬಚ್ಚಿಟ್ಟ ಸಂಗತಿ ಅದು. ಕಾಲು ಮುಂದಾಗಿ ಹುಟ್ಟಿದವಳು ನಾನೇ.

ನನ್ನ ತವರು ಮಸ್ಕಿ. ನನಗೆ ಐದು ವರ್ಷವಾದಾಗಿನಿಂದ ನಮ್ಮ ಮನೆಯ ಕಟ್ಟೆಗೆ ಜನ ಬರುತ್ತಿದ್ದರು. ರವಿವಾರ ಮತ್ತು ಅಮಾವಾಸ್ಯೆ, ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಬರಬೇಕು. ಭತ್ತದ ಚೀಲ ಹೊತ್ತು ಟೊಂಕ ಹಿಡಿದವರು, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಮುಗಿಸಿ ಬಸ್ಸು ಹತ್ತಿದವರು, ಬಾಣಂತಿಯರು. ಅವರು ಕಟ್ಟೆಯ ಮೇಲೆ ಬೋರಲು ಮಲಗಿದರೆ ನಾನು ಎಡಗಾಲಿನ ಹಿಮ್ಮಡಿಯನ್ನು ಅವರ ಟೊಂಕದ ಮೇಲೆ ಮೂರು ಸಲ ಒತ್ತಬೇಕು. ಆಮೇಲೆ, ದೊಡ್ಡವರಿಗೆ ಕಾಲು ತಾಗಿಸಿದ ತಪ್ಪಿಗೆ, ಅವರ ಪಾದ ಮುಟ್ಟಿ ನಮಸ್ಕಾರ ಮಾಡಬೇಕು. ಈ ಕೊನೆಯದನ್ನು ಮರೆತರೆ ಅವ್ವ ತಲೆಗೆ ಮೊಟಕುತ್ತಿದ್ದಳು. ಬಂದವರು ನನ್ನ ಕೈಗೆ ಬೆಲ್ಲದ ತುಂಡು ಕೊಟ್ಟು, ಹಿಂತಿರುಗಿ ನೋಡದೆ ಹೋಗುತ್ತಿದ್ದರು. ಓಣಿಯ ಉಳಿದ ಹುಡುಗಿಯರು ಒದ್ದರೆ ಬೈಗುಳ, ನಾನು ಒದ್ದರೆ ಬೆಲ್ಲ. ನನಗೆ ಬಹಳ ಜಂಬವಿತ್ತು.

ಟೀಚರ್ ತರಬೇತಿ ಮುಗಿಸಿ ಬಂದ ಮೇಲೆ ಜಂಬ ಬೇರೆ ಕಡೆಗೆ ಹೊರಳಿತು. ವಿಜ್ಞಾನ ಕಲಿಸುವವಳು ಕಟ್ಟೆಯ ಮೇಲೆ ನಿಂತು ಜನರನ್ನು ತುಳಿಯುವುದೇ? ಒಂದು ರವಿವಾರ ಬಂದವರನ್ನೆಲ್ಲ ವಾಪಸು ಕಳಿಸಿದೆ. ಕೆಲವು ತಿಂಗಳ ಮೇಲೆ, ನನ್ನ ಮದುವೆಗೆ ಸ್ವಲ್ಪ ಮೊದಲು, ಅವ್ವನೇ ಒಂದು ಬೆಳಿಗ್ಗೆ ಸ್ನಾನ ಮಾಡಿ, ಏನೂ ತಿನ್ನದೆ, ಕಟ್ಟೆಯ ಮೇಲೆ ಬೋರಲು ಮಲಗಿದಳು. "ಒಂದು ಸಲ ಕಾಲು ಇಡಬೇ. ಭಾಳ ಹಿಡಿದದ" ಎಂದಳು. ನಾನು ಬಾಗಿಲಲ್ಲಿ ನಿಂತು ಹೇಳಿದ ಮಾತು ಈಗಲೂ ಅಕ್ಷರ ತಪ್ಪದೆ ನೆನಪಿದೆ. "ಇದೆಲ್ಲಾ ಸುಳ್ಳು ಯವ್ವಾ. ದವಾಖಾನಿಗೆ ತೋರಿಸು. ಅಲ್ಲೂ ಏನಿಲ್ಲ ಅಂದ್ರ ನಿನ್ನ ಮನಸ್ಸಿಂದು ಅದು." ಆಕೆ ಮೊಣಕೈ ಊರಿ ತಾನೇ ಎದ್ದು ಒಳಗೆ ಹೋದಳು. ಮತ್ತೆಂದೂ ಕೇಳಲಿಲ್ಲ.

ಪಕ್ಕದ ಮನೆಯಾಕೆಗೆ ಕೊನೆಗೂ ವಿಷಯ ಹೇಳಿಬಿಟ್ಟೆ. ಆಕೆ ಬಾಯಿ ಮೇಲೆ ಕೈಯಿಟ್ಟು, "ಅಯ್ಯ, ನಿಮ್ಮ ಕಾಲು ನಿಮ್ಮ ಡುಬ್ಬಕ್ಕ ಹೆಂಗ ಮುಟ್ಟಬೇಕ್ರಿ!" ಎಂದು ಮರುಗಿದಳು. ಆ ಪ್ರಶ್ನೆಯೇ ತಲೆಯಲ್ಲಿ ಕೂತು ನನಗೆ ಮುಳುವಾಯಿತು.

ಒಂದು ರವಿವಾರ ಬೆಳಿಗ್ಗೆ, ಗಂಡ ಅಂಗಡಿಗೆ ಹೋದ ಮೇಲೆ, ಬಚ್ಚಲಮನೆಯ ಚಿಲಕ ಹಾಕಿಕೊಂಡೆ. ಚಹಾ ಕೂಡ ಕುಡಿದಿರಲಿಲ್ಲ. ಮಾಡುವುದಾದರೆ ಕ್ರಮವಾಗಿ ಮಾಡಬೇಕಲ್ಲ. ಎಡಗೈಯಲ್ಲಿ ನಳ ಹಿಡಿದು, ಎಡಪಾದಕ್ಕೆ ಟವೆಲ್ಲು ಸುತ್ತಿ, ಅದನ್ನು ಹಿಂದಿನಿಂದ ಬಲಗೈಯಲ್ಲಿ ಎಳೆದೆ. ಹಿಮ್ಮಡಿ ಟೊಂಕಕ್ಕೆ ಇನ್ನೇನು ಎರಡು ಬೆರಳು ಇತ್ತು. ಆಗ ಬೆನ್ನು ಹಿಡಿಯಿತು. ಹಿಂದೆಂದೂ ಹಾಗೆ ಹಿಡಿದಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಬಂದ ಗಂಡ ಹೊರಗಿನಿಂದ ಕೀಲುಗಳ ಸ್ಕ್ರೂ ಬಿಚ್ಚಿ ಬಾಗಿಲು ತೆಗೆಯುವ ತನಕ ಒದ್ದೆ ನೆಲದ ಮೇಲೆ ಬಿದ್ದಿದ್ದೆ. ಕಾಲು ಜಾರಿತು ಎಂದು ಹೇಳಿದೆ. ಕಾಲಿಗೆ ಟವೆಲ್ಲು ಯಾಕೆ ಎಂದು ಅವರು ಕೇಳಲಿಲ್ಲ, ದೊಡ್ಡ ಉಪಕಾರ. ಇಪ್ಪತ್ತೈದು ವರ್ಷ ವಿಜ್ಞಾನ ಕಲಿಸಿದವಳ ಗತಿ ಇಲ್ಲಿಗೆ ಬಂದಿತ್ತು.

ಆಮೇಲೆ ಶಾಲೆಯ ಹೆಡ್‌ಮೇಡಂ ಹೇಳಿದರೆಂದು ಲಿಂಗಸುಗೂರಿನ ಡಾಕ್ಟರ ಬಳಿಗೆ ಹೊರಟೆ. ಗಂಡ ಬರುತ್ತೇನೆಂದರು, ನಾನೇ ಬೇಡವೆಂದೆ. ಇನ್ನೊಂದು ಸಲ ಅವರ ಸಂತೋಷ ನೋಡುವ ಶಕ್ತಿ ನನಗಿರಲಿಲ್ಲ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆಯೇ ಹೋಗಬೇಕು. ಅವ್ವನ ಮನೆ ಬಸ್ ಸ್ಟ್ಯಾಂಡಿನಿಂದ ಎರಡು ಓಣಿ. ಬಸ್ಸು ಅಲ್ಲಿ ನಿಂತಷ್ಟು ಹೊತ್ತೂ ನಾನು ಕಣ್ಣು ಮುಚ್ಚಿ ಕೂತಿದ್ದೆ. ಹೋಗಿ ಏನು ಹೇಳುವುದು? ನನಗೂ ಬೆನ್ನು ನೋವು, ಡಾಕ್ಟರು ಮನಸ್ಸಿನದು ಅಂದರು ಅಂತಲೇ?

ಲಿಂಗಸುಗೂರಿನ ಡಾಕ್ಟರು ನಡೆಸಿ ನೋಡಿದರು, ಮಲಗಿಸಿ ಕಾಲೆತ್ತಿಸಿದರು, ಹಳೆಯ ಕಾಗದಗಳನ್ನೆಲ್ಲ ಓದಿದರು. ಒಳ್ಳೆಯವರೇ. "ಕೆಲವೊಂದಕ್ಕ ಕಾರಣ ಸಿಗಂಗಿಲ್ರಿ ಟೀಚರ್. ಈ ವ್ಯಾಯಾಮ ಮಾಡ್ರಿ, ಆರು ತಿಂಗಳು ನೋಡೋಣ" ಎಂದು ಗೊಂಬೆ ಚಿತ್ರಗಳ ಹಾಳೆಯೊಂದನ್ನು ಕೊಟ್ಟರು. ಅಷ್ಟರಲ್ಲಿ ಅವರ ಕಣ್ಣು ಬಾಗಿಲಲ್ಲಿ ನಿಂತಿದ್ದ ಮುಂದಿನವರ ಮೇಲೆ ಹೋಗಿತ್ತು. ಆರು ತಿಂಗಳು ಎಂಬ ಮಾತು ಕೇಳಿಯೇ ನನಗೆ ಅಲ್ಲಿಯೇ ನೆಲದ ಮೇಲೆ ಮಲಗಿಬಿಡಬೇಕು ಅನಿಸಿತು.

ವಾಪಸು ಬರುವಾಗ ಮಸ್ಕಿಯ ಹತ್ತಿರ ರಸ್ತೆ ಉಬ್ಬಿನ ಮೇಲೆ ಬಸ್ಸು ಎತ್ತಿ ಹಾಕಿತು. ಬೆನ್ನು ಹಿಡಿದುಕೊಂಡಿತು. ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ ಕೂಗಿಬಿಟ್ಟೆ. ಕಂಡಕ್ಟರು ಬಂದು, "ಅಕ್ಕಾರ, ಸಿಂಧನೂರು ಇನ್ನೂ ಮುಕ್ಕಾಲು ತಾಸು ಅದ. ಹಿಂಗ ಬರ್ತೀರೇನು? ಇಲ್ಲಿ ನಿಮ್ಮವರು ಯಾರರ ಅದಾರ?" ಎಂದು ಕೇಳಿದ. ಇದ್ದಾರೆ ಎಂದೆ. ಇಬ್ಬರು ಹೆಂಗಸರು ಕಂಕುಳಿಗೆ ಕೈ ಹಾಕಿ ಇಳಿಸಿ ಆಟೊ ಹತ್ತಿಸಿದರು.

ಮನೆಯಲ್ಲಿ ಅವ್ವನೊಬ್ಬಳೇ ಇದ್ದಳು. ತಮ್ಮ ಮತ್ತು ಅವನ ಹೆಂಡತಿ ಹೊಲಕ್ಕೆ ಹೋಗಿದ್ದರು. ಅವ್ವನಿಗೆ ಈಗ ಎಪ್ಪತ್ತೆಂಟು. ಟೊಂಕದಲ್ಲಿ ಮಡಿಚಿದ ಹಾಗೆ ಬಾಗಿದ್ದಾಳೆ, ಒಂದು ಕೈ ಮೊಣಕಾಲ ಮೇಲಿಟ್ಟು ನಡೆಯುತ್ತಾಳೆ. ವಯಸ್ಸು ಎಂದು ನಾವೆಲ್ಲ ಅದನ್ನು ಎಂದೋ ಒಪ್ಪಿಬಿಟ್ಟಿದ್ದೆವು. ನಾನು ಗೋಡೆ ಹಿಡಿದು ಒಳಗೆ ಬಂದ ರೀತಿ ನೋಡಿ ಆಕೆ ಗಾಬರಿಯಾಗಲಿಲ್ಲ, ಡಾಕ್ಟರು ಏನಂದರು ಎಂದೂ ಕೇಳಲಿಲ್ಲ. ಚಾಪೆ ಹಾಸಿದಳು.

"ಅಂಗಾತ ಮಕ್ಕೊ. ಮೊಣಕಾಲು ಮಡಚು. ಹಾಂ, ಹಂಗ. ಸೀನು ಬಂದ್ರ ಗ್ವಾಡಿ ಹಿಡಕೊಂಡು ಸೀನು. ಮುಂಜಾನೆ ಏಳುವಾಗ ನೆಟ್ಟಗ ಏಳಬ್ಯಾಡ, ಒಂದು ಮಗ್ಗಲಾ ಹೊಳ್ಳಿ ಕೈ ಊರಿ ಏಳು. ಎರಡೂ ಕಡೆ ಹಿಂಡತದಲ್ಲ? ಹಿಂಡಿದಾಗ ಉಸಿರು ಹಿಡೀಬ್ಯಾಡ, ಬಿಡು."

ನಾನು ಒಂದು ಮಾತೂ ಹೇಳಿರಲಿಲ್ಲ. ಎರಡು ಊರು ತಿರುಗಿ ವಿವರಿಸಿ ಸೋತದ್ದನ್ನು ಆಕೆ ನನಗೇ ವಿವರಿಸುತ್ತಿದ್ದಳು.

"ನಿನಗೂ ಹಿಂಗ ಆಗತಿತ್ತೇನು ಯವ್ವಾ?"

"ಈಗೂ ಆಗತದ."

"ಯಾವಾಗಿಂದ?"

"ನೀ ಹುಟ್ಟಿದಾಗಿಂದ. ಕಾಲು ಮುಂದ ಮಾಡಿ ಬಂದೆಲ್ಲ, ಎರಡು ದಿನ ಸತಾಯಿಸಿದಿ. ಅವತ್ತು ಹಿಡಿದ ಟೊಂಕ."

"ಮತ್ತ ಒಮ್ಮೆನೂ ಹೇಳಲಿಲ್ಲಲ್ಲ?"

"ಹೇಳಿದ್ದೆ" ಎಂದಳು ಅವ್ವ.

ಸಿಟ್ಟಿನಿಂದ ಹೇಳಲಿಲ್ಲ. ನೀರು ತರಲು ಒಳಗೆ ಹೋದಳು. ನಾನು ಸೂರು ನೋಡುತ್ತಾ ಮಲಗಿದೆ. ಊರಿಗೆಲ್ಲ ಕಾಲು ಇಟ್ಟವಳು ನಾನು, ಆ ಕಾಲನ್ನು ಹೆತ್ತು ಟೊಂಕ ಮುರಿದುಕೊಂಡವಳಿಗೆ ಇಡಲಿಲ್ಲ. ನಾಚಿಕೆಯಾಯಿತು, ಬೆನ್ನಿಗಿಂತ ಹೆಚ್ಚು ಅದೇ ನೋಯಿತು.

ನೀರು ಕುಡಿದ ಮೇಲೆ ಬಚ್ಚಲಮನೆಯ ಕತೆ ಹೇಳಿದೆ. ಟವೆಲ್ಲಿನ ಮಾತು ಬಂದಾಗ ಅವ್ವ ನಗಲು ಶುರುಮಾಡಿದಳು. ನಕ್ಕು ನಕ್ಕು ಟೊಂಕ ಹಿಡಿದುಕೊಂಡು, "ಸಾಕು ಮಾರಾಯ್ತಿ, ಜೀವ ಹೋಗತದ" ಎಂದು ನೆಲಕ್ಕೆ ಕೂತಳು. ನಾನೂ ನಕ್ಕೆ, ಉಸಿರು ಬಿಡುತ್ತಾ.

"ಯವ್ವಾ, ಬೋರಲ ಮಕ್ಕೊ" ಎಂದೆ.

"ನಿಂದ್ರಾಕ ಬರವಲ್ದು ನಿನಗ. ಮತ್ತ ಇದೆಲ್ಲಾ ಸುಳ್ಳಲ್ಲೇನು?"

"ಸುಳ್ಳ ಇರಲಿ. ಮಕ್ಕೊ."

ಆಕೆ ನಿಧಾನವಾಗಿ, ಬಾಗಿದ ಮೈಯನ್ನು ಅಷ್ಟಷ್ಟೇ ಬಿಚ್ಚುತ್ತಾ, ಚಾಪೆಯ ಮೇಲೆ ನನ್ನ ಎಡಪಕ್ಕದಲ್ಲಿ, ನನ್ನ ಕಾಲ ಕಡೆಗೆ ತಲೆ ಮಾಡಿ ಬೋರಲು ಮಲಗಿದಳು. ನಾನು ಅಂಗಾತ ಮಲಗಿದ್ದಲ್ಲಿಂದಲೇ ಎಡಗಾಲನ್ನು ನೆಲದ ಮೇಲೆ ಎಳೆದು ಎಳೆದು ಆಕೆಯ ಟೊಂಕದ ಮೇಲಿಟ್ಟೆ. ಸೀರೆಯ ಮೇಲಿನಿಂದಲೂ ಎಲುಬು ಹಿಮ್ಮಡಿಗೆ ಸಿಗುತ್ತಿತ್ತು. ಒತ್ತಲು ನನಗೆ ಬಲವಿರಲಿಲ್ಲ. ಮೂರು ಸಲ ಎತ್ತಿ ಇಡುವುದಂತೂ ಆಗದ ಮಾತು.

"ಹೋತೇನು?" ಎಂದು ಕೇಳಿದೆ.

"ಎಲ್ಲಿಂದ ಹೋಗತದ, ಇಷ್ಟು ವರ್ಷದ್ದು" ಎಂದಳು. ನಾನು ಕಾಲು ಸರಿಸಹೋದಾಗ, "ತೆಗೀಬ್ಯಾಡ, ಇರ್ಲಿ" ಎಂದಳು.

ಹಾಗೇ ಇಟ್ಟಿದ್ದೆ. ಆಮೇಲೆ ಕ್ರಮ ನೆನಪಾಯಿತು. ದೊಡ್ಡವರಿಗೆ ಕಾಲು ತಾಗಿಸಿದ ಮೇಲೆ ಅವರ ಪಾದ ಮುಟ್ಟಬೇಕು. ಎಂಟು ತಿಂಗಳಿಂದ ನಾನು ಯಾರ ಪಾದಕ್ಕೂ ಬಾಗಿರಲಿಲ್ಲ, ಬಾಗಲು ಬರುತ್ತಿರಲಿಲ್ಲ. ಆದರೆ ನಾವು ಮಲಗಿದ ರೀತಿಗೆ ಅವ್ವನ ಪಾದಗಳು ನನ್ನ ಕೈಯ ಹತ್ತಿರವೇ ಇದ್ದವು. ಬಾಗುವ ಅಗತ್ಯವೇ ಬೀಳಲಿಲ್ಲ. ಕೈ ಚಾಚಿ ಹಿಡಿದುಕೊಂಡೆ.