ಗಾದ್ರಪ್ಪನ ತೊಡೆಮಣೆ

ಹೊನ್ನಾಳಿ ಬಸ್ ನಿಲ್ದಾಣದ ಎದುರು ನನ್ನದೊಂದು ಪಂಕ್ಚರ್ ಅಂಗಡಿ. ಹಾಲಸ್ವಾಮಿ ಅಂತ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಪಂಕ್ಚರ್ ಸ್ವಾಮಿ ಅಂದರೆ ಮಕ್ಕಳೂ ತೋರಿಸುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದಂತೆ. ಹೆಂಡತಿ ಹೇಳುತ್ತಾಳೆ, ಗಿರಾಕಿಗಳೂ ಹೇಳುತ್ತಾರೆ. ಇರಲಿ ಬಿಡಿ. ಗಾದ್ರಪ್ಪನ ಕತೆ ಹೇಳುವಾಗಲೂ ಕೋಪ ಬರದಿದ್ದರೆ ಆ ಮೂಗು ಇದ್ದೂ ಏನು ಪ್ರಯೋಜನ!

ಗಾದ್ರಪ್ಪ ಜಗಳೂರು ಕಡೆಯವನು. ಅವರಪ್ಪ ಕುರಿ ಸಾಕಿಕೊಂಡಿದ್ದ. ಇವನು ಎಪ್ಪತ್ತರ ದಶಕದ ಶುರುವಿನಲ್ಲಿ ನಮ್ಮೂರ ಸಾಮಿಲ್ಲಿಗೆ ಮರ ಕೊಯ್ಯುವ ಕೆಲಸಕ್ಕೆ ಬಂದ. ಬಂದದ್ದು ಕೆಲಸಕ್ಕೆ, ನಿಂತದ್ದು ಗರಡಿಮನೆಗಾಗಿ. ಹೊಳೆ ದಂಡೆಯ ಗರಡಿಯಲ್ಲಿ ಆಗ ಉಸ್ತಾದ್ ರೇವಣ್ಣನವರ ಮಾತೇ ಮಾತು. ನಾನೂ ಹೊಟ್ಟೆ ಬೆಳೆಯುವ ತನಕ ಅಲ್ಲಿಯೇ ಮಣ್ಣು ಮೆತ್ತಿಕೊಂಡವನು. ಗಾದ್ರಪ್ಪನೂ ನಾನೂ ಜೋಡಿ ಹಿಡಿದವರು. ಅವನು ನನ್ನನ್ನು ಕೆಡವುತ್ತಿದ್ದ, ಆಮೇಲೆ ನಾನೇ ಅವನಿಗೆ ಚಹಾ ಕುಡಿಸುತ್ತಿದ್ದೆ. ನಮ್ಮ ಸ್ನೇಹ ಬೆಳೆದದ್ದು ಹೀಗೆ.

ಅವನು ಮದುವೆಯಾಗಿ ಓಬವ್ವನನ್ನು ಕರೆತಂದು ಇದೇ ಊರಲ್ಲಿ ಮನೆ ಹೂಡಿದ. ಆದರೂ ಗರಡಿಯಲ್ಲಿ ಅವನ ಹೆಸರು 'ಜಗಳೂರಿನವನು' ಅಂತಲೇ ಉಳಿಯಿತು. ಅವನು ಅದಕ್ಕೆ ಬೇಸರಿಸಿಕೊಳ್ಳುತ್ತಿರಲಿಲ್ಲ. ಬೇಸರವೆಲ್ಲ ನನ್ನ ಪಾಲಿಗೆ ಬಿಟ್ಟಿದ್ದ ಅಂತ ಕಾಣುತ್ತದೆ.

ನಮ್ಮ ಗರಡಿಯಲ್ಲಿ ಒಂದು ರೂಢಿ ಇತ್ತು. ಬೆಳಿಗ್ಗೆ ಅಖಾಡಕ್ಕೆ ಇಳಿಯುವ ಮುಂಚೆ ಪ್ರತಿಯೊಬ್ಬನೂ ಹನುಮಪ್ಪನ ಪಟಕ್ಕೆ ಕೈಮುಗಿದು, ಉಸ್ತಾದರ ಪಾದ ಮುಟ್ಟಿ, ಮೈಯಲ್ಲಿ ಎಲ್ಲಿ ನೋವಿದೆ ಅಂತ ಹೇಳಬೇಕು. ಹೆಂಡತಿಗೆ ಹೇಳದ ನೋವನ್ನೂ ಉಸ್ತಾದರಿಗೆ ಹೇಳಬೇಕು. ಮುಚ್ಚಿಟ್ಟು ಮಣ್ಣಿಗೆ ಇಳಿದರೆ ಅದು ಗುರುದ್ರೋಹ. ನಾವು ಸಣ್ಣಪುಟ್ಟ ಉಳುಕನ್ನು ನುಂಗಿಕೊಂಡುಬಿಡುತ್ತಿದ್ದೆವು. ಗಾದ್ರಪ್ಪ ಮಾತ್ರ ಕಾಲಿಗೆ ಮುಳ್ಳು ಚುಚ್ಚಿದ್ದನ್ನೂ ಬಿಡದೆ ಒಪ್ಪಿಸುತ್ತಿದ್ದ.

ಒಂದು ದಿನ ತಾಲೀಮಿನಲ್ಲಿ ಅವನ ಎಡತೊಡೆಯ ಒಳಗಡೆ ಹಳೆ ಬಟ್ಟೆ ಹರಿದ ಹಾಗೆ ಪರ್ರನೆ ಏನೋ ಹರಿಯಿತು. ನಾಟಿ ವೈದ್ಯರು ಎಣ್ಣೆ ಹಾಕಿ ನೀವಿದರು, ಸೊಪ್ಪು ಕಟ್ಟಿದರು. ನಡೆಯುವಂತಾದ. ಆದರೆ ಪಟ್ಟು ಹಿಡಿದಾಗ ಎಡಗಾಲು ನಿಲ್ಲದೆ ಅಗಲವಾಗಿ ಜಾರಿಬಿಡುತ್ತಿತ್ತು. ಬಸ್ಕಿ ಹೊಡೆದೂ ಹೊಡೆದೂ ನೋಡಿದ. ಬಸ್ಕಿಯ ಬಲವೆಲ್ಲ ತೊಡೆಯ ಮುಂಭಾಗಕ್ಕೇ ಹೋಗುತ್ತದೆ. ಎರಡು ತೊಡೆಗಳನ್ನೂ ಒಳಕ್ಕೆ ಸೇರಿಸಿ ಅಮುಕುವ ಬಲವೇ ಬೇರೆ, ಹೊರಕ್ಕೆ ನೂಕುವ ಬಲವೇ ಬೇರೆ. ಅದಕ್ಕೆ ಗರಡಿಯಲ್ಲಿ ಗದೆಯೂ ಇರಲಿಲ್ಲ, ಗುಂಡೂ ಇರಲಿಲ್ಲ.

ಆಗ ಅವನು ಸಾಮಿಲ್ಲಿನಲ್ಲಿ ಬಿದ್ದಿದ್ದ ಮತ್ತಿ ಮರದ ತುಂಡುಗಳನ್ನು ತಂದು ಮನೆಯ ಹಿತ್ತಲಲ್ಲಿ ಒಂದು ಸಾಧನ ಮಾಡಿದ. ಕೂರಲು ಒಂದು ಮಣೆ, ಅದರ ಮುಂದೆ ಮೊಣಕಾಲಿನ ಮಟ್ಟಕ್ಕೆ ಬಾಗಿಲಿನ ಹಾಗೆ ತಿರುಗುವ ಎರಡು ಹಲಗೆ. ರಬ್ಬರಿಗೆ ನನ್ನ ಅಂಗಡಿಗೆ ಬಂದ. ಹಳೆ ಲಾರಿ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು ಕೊಟ್ಟೆ. ಪಟ್ಟಿಗಳನ್ನು ಆಚೆ ಈಚೆಯ ಗೂಟಗಳಿಗೆ ಕಟ್ಟಿದರೆ ಅವು ಹಲಗೆಗಳನ್ನು ಹೊರಕ್ಕೆ ಎಳೆಯುತ್ತವೆ. ಕೂತವನು ತೊಡೆಯಿಂದ ಒಳಕ್ಕೆ ಒತ್ತಬೇಕು. ಅವನ್ನೇ ಬಿಚ್ಚಿ ಎರಡು ಹಲಗೆಗಳನ್ನು ಒಂದಕ್ಕೊಂದು ಬಿಗಿದರೆ ಹೊರಕ್ಕೆ ನೂಕಬೇಕು. ಇಷ್ಟೇ. ನಾನು ಅದಕ್ಕೆ ತೊಡೆಮಣೆ ಅಂತ ಹೆಸರಿಟ್ಟು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಒಂದು ಸಲ ಕೂತು ನೋಡು ಅಂದ. ಕೂತೆ. ಮಾರನೆಯ ದಿನ ಅಂಗಡಿಯ ಮೆಟ್ಟಿಲು ಇಳಿಯಲಾರದೆ ಗೋಡೆ ಹಿಡಿದುಕೊಂಡು ಇಳಿದೆ.

ಅವನ ಬಲತೊಡೆ ಮೂರು ಪಟ್ಟಿ ಕಟ್ಟಿದರೂ ಒತ್ತುತ್ತಿತ್ತು. ಎಡಕ್ಕೆ ಒಂದೇ ಪಟ್ಟಿ. ಎರಡನೆಯದನ್ನು ಕಟ್ಟಿದರೆ ಬೆವರಿಳಿದು ಮುಖ ಬಿಳಿಚಿಕೊಳ್ಳುತ್ತಿತ್ತು. ಆ ಮಣೆಯನ್ನು ನೋಡಿದವರಿಗೆ ಅವನ ನೋವು ಯಾವ ಕಡೆ ಇದೆ ಅಂತ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅದಕ್ಕೇ ಅದರ ಮೇಲೆ ಗೋಣಿಚೀಲ ಹೊದಿಸಿ ಇಡುತ್ತಿದ್ದ.

ಈ ಮಧ್ಯೆ ಉಸ್ತಾದರಿಗೆ ವಯಸ್ಸಾಗಿ, ಗರಡಿ ಮುಂದೆ ಯಾರ ಕೈಗೆ ಅನ್ನುವ ಮಾತು ಎದ್ದಿತು. ಅವರಿಗೆ ತಂಗಿಯ ಮಗ ನಾಗರಾಜಪ್ಪನ ಮೇಲೆ ಮನಸ್ಸು. ಆದರೆ ನಾಗರಾಜಪ್ಪ ಹಿಂದಿನ ವರ್ಷವಷ್ಟೇ ಚನ್ನಗಿರಿಗೆ ಹೋಗಿ ಅಲ್ಲಿಯ ಸಣ್ಣತಿಮ್ಮಪ್ಪನ ಕೈಲಿ ಚಿತ್ ಆಗಿ ಬಂದಿದ್ದ. ಊರಿನ ಹಿರಿಯರು ಒಪ್ಪಲಿಲ್ಲ. ಕೊನೆಗೆ ಉಸ್ತಾದರು ಹನುಮಪ್ಪನ ಪಟದ ಮುಂದೆ ನಿಂತು, ಸಣ್ಣತಿಮ್ಮಪ್ಪನನ್ನು ಯಾರು ಕೆಡವುತ್ತಾರೋ ಗರಡಿಯ ಕೀಲಿ ಅವರಿಗೆ ಅಂತ ಹೇಳಿದರು. ಅವನ ಮುಂದೆ ನಿಲ್ಲುವ ಆಳು ಗಾದ್ರಪ್ಪನೊಬ್ಬನೇ ಅಂತ ಎಲ್ಲರಿಗೂ ಗೊತ್ತಿತ್ತು. ದೀಪಾವಳಿ ಕಳೆದ ಮೇಲೆ ಹೊಳೆ ಬಯಲಿನಲ್ಲಿ ಕುಸ್ತಿ ನಿಗದಿಯಾಯಿತು.

ಗಾದ್ರಪ್ಪ ಅವತ್ತು ನನ್ನ ಅಂಗಡಿಗೆ ಬಂದು ಟೈರಿನ ಮೇಲೆ ಕೂತು ಸುಮ್ಮನೆ ನಗುತ್ತಿದ್ದ. ಗೆದ್ದರೆ ಇನ್ನು ಯಾರೂ ತನ್ನನ್ನು ಜಗಳೂರಿನವನು ಅನ್ನುವುದಿಲ್ಲ ಅಂದ. ಆಗ ಗೊತ್ತಾಯಿತು ನನಗೆ, ಆ ಮಾತು ಅವನನ್ನು ಇಷ್ಟು ವರ್ಷ ಕೊರೆಯುತ್ತಿತ್ತು ಅಂತ.

ರೂಢಿ ಬಿಡುವವನಲ್ಲವಲ್ಲ, ಎಡತೊಡೆ ಇನ್ನೂ ಕೂಡಿಬಂದಿಲ್ಲ ಅಂತ ಉಸ್ತಾದರಿಗೆ ಒಪ್ಪಿಸಿದ. ಮಣೆಯ ವಿಷಯವನ್ನೂ ಹೇಳಿದ. ಅವರು ಮನೆಗೇ ಬಂದು ನೋಡಿದರು. ಗೋಣಿಚೀಲ ಸರಿಸಿ, ಹಲಗೆ ಅಲ್ಲಾಡಿಸಿ, ಭೇಷ್ ಅಂತ ಬೆನ್ನು ತಟ್ಟಿದರು. ಅಷ್ಟಕ್ಕೇ ಇವನ ಕಣ್ಣು ಒದ್ದೆ.

ಕುಸ್ತಿಯ ದಿನ ಬಂತು. ಸಣ್ಣತಿಮ್ಮಪ್ಪ ಎತ್ತರದ ಆಳು, ಎಡಹುಬ್ಬು ಸೀಳಿ ಎರಡಾಗಿತ್ತು. ಗಾದ್ರಪ್ಪ ಅವನನ್ನು ನೋಡಿದ್ದು ಅದೇ ಮೊದಲು. ಕೈ ಕೈ ಕೂಡಿಸಿದರು, ಅಷ್ಟೇ. ಆ ಮನುಷ್ಯ ಕತ್ತಿಗೆ ಹೋಗಲಿಲ್ಲ, ಸೊಂಟಕ್ಕೆ ಹೋಗಲಿಲ್ಲ. ನೇರ ಕೆಳಗಿಳಿದು ಎಡಗಾಲಿನೊಳಗೆ ತನ್ನ ಕಾಲು ತೂರಿಸಿ ಹೊರಕ್ಕೆ ಝಾಡಿಸಿದ. ಗಾದ್ರಪ್ಪನ ಬಾಯಿಂದ ಬಂದ ಸದ್ದು ನನಗೆ ಈಗಲೂ ನೆನಪಿದೆ. ಎದ್ದು ನಿಲ್ಲಲು ಆಗಲಿಲ್ಲ. ನಾಲ್ಕು ಜನ ಹೊತ್ತುಕೊಂಡು ಬಂದೆವು. ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಗರಡಿಯ ಕೀಲಿ ವರ್ಷ ತುಂಬುವುದರೊಳಗೆ ಸದ್ದಿಲ್ಲದೆ ನಾಗರಾಜಪ್ಪನ ಉಡಿದಾರಕ್ಕೆ ಬಂತು.

ನಾನು ಮಾರನೆಯ ದಿನ ಬ್ರೆಡ್ಡು, ಬಾಳೆಹಣ್ಣು ಹಿಡಿದು ಅವನ ಮನೆಗೆ ಹೋದೆ. ಚಾಪೆಯ ಮೇಲೆ ಮಲಗಿದ್ದ. ನನ್ನನ್ನು ಕೂರು ಅನ್ನಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ:

"ಮಣೆ ನೋಡಿದೋರು ಮೂರೇ ಮಂದಿ ಸ್ವಾಮಿ. ಓಬವ್ವ ಹೇಳಂಗಿಲ್ಲ, ಉಸ್ತಾದ್ರು ಹೇಳಂಗಿಲ್ಲ. ಉಳಿದೋನು ಯಾರು ಅಂತ ನೀನೇ ಹೇಳು."

ಓಬವ್ವ ಒಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು. ನಾನು ಆಣೆ ಇಟ್ಟೆ, ಕೂಗಾಡಿದೆ, ಬಾಳೆಹಣ್ಣನ್ನು ಅಲ್ಲೇ ಎಸೆದು ಬಂದೆ. ನನ್ನ ಕೂಗಾಟವೇ ನನಗೆ ಮುಳುವಾಯಿತು. ತಪ್ಪಿಲ್ಲದವನು ಇಷ್ಟೊಂದು ಯಾಕೆ ಹಾರಾಡುತ್ತಾನೆ ಅಂದರು ಊರಿನವರು. ಪಂಕ್ಚರ್ ಸ್ವಾಮಿ ಗೆಳೆಯನ ತೊಡೆ ಮಾರಿದ ಅಂತ ಗರಡಿಯಲ್ಲಿ ಆಡಿಕೊಂಡರು. ನಾನು ಅತ್ತ ಕಾಲಿಡುವುದನ್ನೇ ಬಿಟ್ಟೆ.

ಗಾದ್ರಪ್ಪ ಊರು ಬಿಟ್ಟು ನ್ಯಾಮತಿಗೆ ಹೋದ. ಅಲ್ಲಿ ಬಾಗಿಲು, ಕಿಟಕಿ ಮಾಡುವ ಅಂಗಡಿ ಇಟ್ಟುಕೊಂಡನಂತೆ. ಎಂಬತ್ತನಾಲ್ಕರಲ್ಲಿ ಉಸ್ತಾದರು ತೀರಿಕೊಂಡಾಗ ಕುಂಟುತ್ತಾ ಬಂದು, ಯಾರು ಬೇಡವೆಂದರೂ ಕೇಳದೆ ಹೆಗಲು ಕೊಟ್ಟ. ನನ್ನ ಅಂಗಡಿಯ ಮುಂದೆಯೇ ಹಾದುಹೋದ. ಈ ಕಡೆ ತಿರುಗಿಯೂ ನೋಡಲಿಲ್ಲ. ಅವತ್ತು ನಾನು ಕೈಲಿದ್ದ ಟ್ಯೂಬನ್ನು ನೀರಿನ ತೊಟ್ಟಿಗೆ ಬಿಸಾಕಿ ಮನೆಗೆ ಹೋಗಿ ಮಲಗಿಬಿಟ್ಟೆ. ಅತ್ತುಬಿಟ್ಟೆ ಅಂತ ಬೇಕಾದರೆ ತಿಳಿದುಕೊಳ್ಳಿ.

ಎರಡು ವರ್ಷ ಕಳೆದ ಮೇಲೆ ಮೆಕ್ಕೆಜೋಳದ ಲಾರಿಯೊಂದು ಪಂಕ್ಚರ್ ಆಗಿ ಅಂಗಡಿಯ ಮುಂದೆ ನಿಂತಿತು. ಇಳಿದ ಚಾಲಕನ ಹುಬ್ಬು ನೋಡಿದೆ. ಸಣ್ಣತಿಮ್ಮಪ್ಪ! ಸ್ಪ್ಯಾನರ್ ಕೈಯಲ್ಲೇ ಇತ್ತು, ದೇವರು ದೊಡ್ಡವನು, ಎತ್ತಲಿಲ್ಲ. ಗಾದ್ರಪ್ಪನ ಎಡತೊಡೆಯ ವಿಷಯ ನಿನಗೆ ಯಾರು ಹೇಳಿದರು ಅಂತ ನೇರವಾಗಿ ಕೇಳಿದೆ. ಅವನಿಗೆ ಆಶ್ಚರ್ಯ. ನಮಗೆಲ್ಲ ಗೊತ್ತಿದೆ ಅಂತಲೇ ಅವನು ಅಂದುಕೊಂಡಿದ್ದನಂತೆ.

"ನಿಮ್ಮ ಉಸ್ತಾದ್ರೇ ಕಣಣ್ಣ ಕರ್ಕಂಡು ಹೋಗಿ ಆ ಮಣೆ ತೋರ್ಸಿದ್ದು. ಬಲಕ್ಕೆ ಮೂರು ಪಟ್ಟಿ, ಎಡಕ್ಕೆ ಒಂದೇ ಐತೆ, ಇನ್ನೇನೂ ನಾನು ಹೇಳಂಗಿಲ್ಲ ಅಂದ್ರು."

ಲಾರಿಯ ಚಕ್ರ ಕೂರಿಸಿದವನೇ ಬಾಗಿಲು ಎಳೆದು ನ್ಯಾಮತಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ. ಗಾದ್ರಪ್ಪ ನನ್ನ ಕೈ ಹಿಡಿದುಕೊಳ್ಳುತ್ತಾನೆ, ತಪ್ಪಾಯಿತು ಅನ್ನುತ್ತಾನೆ, ನಾನು ಎರಡು ಬೈದು ಕ್ಷಮಿಸುತ್ತೇನೆ. ಬೈಯುವ ಮಾತುಗಳನ್ನೂ ಆರಿಸಿಟ್ಟುಕೊಂಡಿದ್ದೆ.

ಅವನು ಬಾಗಿಲಿನ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದ. ಕೂದಲು ಹಣ್ಣಾಗಿತ್ತು. ಎದುರಿನ ಗೋಡೆಯ ಮೇಲೆ ಉಸ್ತಾದ್ ರೇವಣ್ಣನವರ ಫೋಟೋ, ಅದಕ್ಕೆ ಅವತ್ತಿನದೇ ಸೇವಂತಿಗೆ ಹಾರ. ನಾನು ನಿಂತಲ್ಲೇ ಸಣ್ಣತಿಮ್ಮಪ್ಪ ಹೇಳಿದ್ದನ್ನೆಲ್ಲ ಹೇಳಿದೆ. ಅವನು ಕೈಗೆ ಅಂಟಿದ್ದ ಮರದ ಹೊಟ್ಟನ್ನು ಒರೆಸಿಕೊಂಡ. ಆಮೇಲೆ ಅಂದ:

"ನಂಗೆ ಗೊತ್ತಿತ್ತು ಸ್ವಾಮಿ."

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಕುಸ್ತಿಗೆ ಮುಂಚೆ ಒಂದು ದಿನ ಓಬವ್ವ ಹೊಳೆಯಿಂದ ಬಟ್ಟೆ ಒಗೆದುಕೊಂಡು ಬರುವಾಗ, ಉಸ್ತಾದರು ಹುಬ್ಬು ಸೀಳಿದ ಒಬ್ಬ ಎತ್ತರದ ಆಳಿನ ಜೊತೆ ಇವರ ಹಿತ್ತಲಿನಿಂದ ಹೊರಗೆ ಹೋಗುವುದನ್ನು ಕಂಡು ಇವನಿಗೆ ಹೇಳಿದ್ದಳು. ಯಾರೋ ಉಸ್ತಾದರ ನೆಂಟರು ಅಂತ ಇವನು ಸುಮ್ಮನಿದ್ದ. ಅಖಾಡದಲ್ಲಿ ಸಣ್ಣತಿಮ್ಮಪ್ಪನ ಹುಬ್ಬು ಕಂಡ ಕೂಡಲೇ ಎಲ್ಲ ಗೊತ್ತಾಯಿತು. ಕೈ ಕೂಡಿಸುವ ಮುಂಚೆಯೇ ಮೈಯಲ್ಲಿ ಬಲ ಉಳಿದಿರಲಿಲ್ಲವಂತೆ.

ಹಾಗಾದರೆ ಮಾರನೆಯ ದಿನ ನನ್ನನ್ನು ಯಾಕೆ ಕೇಳಿದೆ, ಇಡೀ ಊರು ನನ್ನ ಮುಖಕ್ಕೆ ಉಗಿಯುವಾಗ ಯಾಕೆ ಸುಮ್ಮನಿದ್ದೆ ಅಂತ ಕೇಳಿದೆ. ಕೇಳಿದ್ದೇನು, ಕಿರುಚಿದೆ. ಪಕ್ಕದ ಅಂಗಡಿಯವರು ಎದ್ದು ಬಂದರು.

ಅವನು ಮಾತ್ರ ದನಿ ಎತ್ತಲಿಲ್ಲ.

"ಯಾರೋ ಒಬ್ರು ಮಾಡಿರ್ಬೇಕಿತ್ತಲ್ಲ ಸ್ವಾಮಿ. ಉಸ್ತಾದ್ರು ಅಂತ ಒಪ್ಕಂಡಿದ್ರೆ ನಾನು ಬದುಕಾಕೆ ಆಗ್ತಿರ್ಲಿಲ್ಲ. ನೀನಾದ್ರೆ ತಡ್ಕಂತೀಯ ಅನ್ನಿಸ್ತು."

ಓಬವ್ವ ಒಳಗಿನಿಂದ ಎರಡು ಲೋಟ ಚಹಾ ತಂದು ಇಟ್ಟಳು. ಕುಡಿದು ಹೋಗಣ್ಣ ಅಂದಳು. ನಾನು ಕುಡಿಯಲಿಲ್ಲ. ಹೊನ್ನಾಳಿಗೆ ಬಂದು ಇದನ್ನು ಊರಿಗೆಲ್ಲ ಸಾರಬಹುದಿತ್ತು, ಮೂಗಿನ ತುದಿಯಲ್ಲಿ ಕೋಪವಂತೂ ಇದ್ದೇ ಇತ್ತು. ಸಾರಲಿಲ್ಲ. ಅವನು ಅಂದುಕೊಂಡ ಹಾಗೆಯೇ ತಡೆದುಕೊಂಡೆ.