ಖುರೀಸಿನಿಂದ ಮೋರಿಯವರೆಗೆ

ಟೀವಿಯಲ್ಲಿ ಕಾರಿನ ರೇಸು ನೋಡಬೇಕೆಂದರೆ ಮಳೆಗಾಲವೇ ಬರಬೇಕು ಎಂದು ನಾನು ನಂಬಿದ್ದ ದಿನಗಳು ಅವು. ಗೋವಾದ ಡಿಚೋಲಿಯಲ್ಲಿ ವರ್ಷದ ಎಂಟು ತಿಂಗಳು ಟಿಪ್ಪರುಗಳದೇ ದರ್ಬಾರು. ಗಣಿಯಲ್ಲಿ ಅದಿರು ತುಂಬಿಕೊಂಡು ನದಿಯ ಜೆಟ್ಟಿಗೆ ಇಳಿಯುವುದು, ಅಲ್ಲಿ ಸುರಿದು ಖಾಲಿಯಾಗಿ ಮೇಲೆ ಹತ್ತುವುದು. ರಸ್ತೆ ಬದಿಯ ಗೇರು ಮರಗಳ ಎಲೆ ಕೆಂಪು, ಅಂಗಳದಲ್ಲಿ ಒಣಹಾಕಿದ ಅಪ್ಪನ ಬಿಳಿ ಅಂಗಿ ಕೆಂಪು, ಮುಚ್ಚಳ ಮರೆತರೆ ಅನ್ನವೂ ಕೆಂಪು. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಗಣಿ ನಿಲ್ಲುತ್ತಿತ್ತು. ಟಿಪ್ಪರುಗಳು ತಾಡಪತ್ರಿ ಹೊದ್ದು ಸಾಲಾಗಿ ಮಲಗುತ್ತಿದ್ದವು. ಆಗ ನಮ್ಮ ಕಲ್ಲಪ್ಪ ಮಾಮಾನಿಗೆ ಭಾನುವಾರಗಳು ಸಿಗುತ್ತಿದ್ದವು.

ಮಾಮಾ ಅವ್ವನ ತಮ್ಮ. ಕುಂದಗೋಳದ ಕಡೆಯಿಂದ ನಮ್ಮ ಹಿಂದೆಯೇ ಗೋವಾಕ್ಕೆ ಬಂದು ಟಿಪ್ಪರು ಹಿಡಿದವನು. ಅಪ್ಪ ಗಣಿಯ ಆಫೀಸಿನಲ್ಲಿ ಗುಮಾಸ್ತರು. ನಮ್ಮ ಮನೆಯಲ್ಲಿ ಟೀವಿ ಇರಲಿಲ್ಲ, ಎದುರಿನ ಇನಾಸ್ ಅಂಕಲ್ ಮನೆಯಲ್ಲಿ ದೊಡ್ಡದೊಂದಿತ್ತು. ಅವರು ತಾರ್ವಟಿ. ಹಡಗಿನ ಕೆಲಸಕ್ಕೆ ಹೋದವರನ್ನು ಅಲ್ಲಿ ಹಾಗೆನ್ನುತ್ತಾರೆ. ಇಪ್ಪತ್ತೈದು ವರ್ಷ ಎಂಜಿನ್ ಕೋಣೆಯ ಕಾವಿನಲ್ಲಿ ಬೆಂದು ಬಂದಿದ್ದ ಅವರಿಗೆ ಒಂದು ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅದಕ್ಕೇ ಟೀವಿಯ ಸದ್ದು ಬೀದಿಗೆಲ್ಲ ಕೇಳುವಷ್ಟು. ಆ ಕೋಣೆಯಲ್ಲಿ ನುಸಿಗುಳಿಗೆ ಮತ್ತು ಒಣ ಸಿಗಡಿಯ ವಾಸನೆ ಕೂಡಿರುತ್ತಿತ್ತು. ಅವ್ವ ಗಿರ್ಮಿಟ್ಟು, ಬಿಸಿ ಮಿರ್ಚಿ ಕಟ್ಟಿಕೊಟ್ಟರೆ ಮೂರನೆಯ ವಾಸನೆಯೂ ಸೇರುತ್ತಿತ್ತು. ಸಂಜೆ ಐದೂವರೆಗೆ ಕೆಂಪು ದೀಪಗಳು ಒಂದೊಂದಾಗಿ ಹತ್ತಿ, ಒಮ್ಮೆಲೇ ಆರಿ, ಇಪ್ಪತ್ತು ಕಾರುಗಳು ಜೇನು ಎದ್ದಂತೆ ಏಳುತ್ತಿದ್ದವು. ನನಗೆ ಹತ್ತು ವರ್ಷ.

ಅಂಕಲ್ ಕೆಂಪು ಕಾರಿನ ತಂಡದವರು. ಅದೂ ಎಂಥ ಭಕ್ತಿ! ಭಾನುವಾರ ಬೆಳಿಗ್ಗೆ ಇಗರ್ಜಿಗೆ ಹೋಗುವಾಗ ಹಾಕಿದ ಕೆಂಪು ಅಂಗಿಯನ್ನು ರೇಸು ಮುಗಿಯುವವರೆಗೆ ಬಿಚ್ಚುತ್ತಿರಲಿಲ್ಲ. ಮಾಮಾನಿಗೆ ಆ ತಂಡವೆಂದರೆ ಆಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಒಂದು ರೇಸಿನಲ್ಲಿ ಮೊದಲಿನಿಂದ ಮುಂದಿದ್ದ ಎರಡನೇ ಡ್ರೈವರಿಗೆ, ಕೊನೆಯಲ್ಲಿ ದೊಡ್ಡ ಡ್ರೈವರನ್ನು ಮುಂದೆ ಬಿಡು ಎಂದು ತಂಡ ಹೇಳಿತ್ತು. ಅವನು ಬಿಟ್ಟ. ಮಾಮಾ ಅಂದು ಮಿರ್ಚಿಯನ್ನು ತಾಟಿನಲ್ಲೇ ಬಿಟ್ಟು ಎದ್ದಿದ್ದ.

“ಮುಂದ ಇದ್ದಾಂವಗ ಹಿಂದ ಸರಿ ಅಂದ್ರ ಅದು ರೇಸ್ ಏನ್ರಿ ಅಂಕಲ್? ಅಂವಾ ಮನಶಾ ಹೌದೋ ಅಲ್ಲೋ?”

ಅಂಕಲ್ ಕೊಂಕಣಿಯಲ್ಲಿ ಶುರುಮಾಡಿ ಹಿಂದಿಗೆ ಹೊರಳಿ, ನಮ್ಮ ಸಹವಾಸದಿಂದ ಧಾರವಾಡದ ಕನ್ನಡಕ್ಕೆ ಬಂದು ನಿಲ್ಲುತ್ತಿದ್ದರು. “ಅರೇ ಬಾಬಾ, ಟೀಮ್ ಅಂದ್ರ ಹಡಗ. ಕಪ್ತಾನ ಹೇಳ್ತಾನ, ಕೆಳಗಿನಾಂವ ಕೇಳ್ತಾನ. ಇಲ್ಲಾಂದ್ರ ಎಲ್ಲಾರೂ ನೀರಾಗ.”

“ಹಂಗಾರ ರೇಸ್ ಯಾಕ ಇಡ್ತಾರ? ಕಪ್ತಾನಗ ಮನೀಗೆ ಕಪ್ ಕಳಿಸಿಬಿಡ್ರಿ.”

ಬಯಲಿನಲ್ಲಿ ಹೊಸದಾಗಿ ಕಟ್ಟಿದ ಅಗಲ ಸರ್ಕೀಟುಗಳನ್ನು, ಎಂದರೆ ರೇಸಿನ ರಸ್ತೆಗಳನ್ನು, ಕಂಡರೆ ಇಬ್ಬರೂ ಒಟ್ಟಿಗೆ ಮೂಗು ಮುರಿಯುತ್ತಿದ್ದರು. ತಪ್ಪಿದರೂ ಏನೂ ಆಗದ ರಸ್ತೆಯಲ್ಲಿ ಯಾರು ಬೇಕಾದರೂ ಓಡಿಸುತ್ತಾರೆ ಎನ್ನುವುದು ಅವರ ವಾದ. ಅಂಕಲ್‌ಗೆ ಊರಿನ ಬೀದಿಗಳಲ್ಲೇ ರೇಸು ನಡೆಯುವ ಮೊನಾಕೊ ಇಷ್ಟ. ಹಡಗು ಆ ಕಡೆಯ ಬಂದರಿಗೆ ಹೋದಾಗ ರೇಸಿಲ್ಲದ ದಿನ ಆ ಬೀದಿಗಳಲ್ಲಿ ನಡೆದು ಬಂದಿದ್ದರಂತೆ. “ನಮ್ಮ ಮಾಪಸಾ ಬಜಾರದಷ್ಟ ರಸ್ತಾ, ಅದರಾಗ ಹಂಗ ಹೊಡೀತಾರ,” ಎಂದು ಎರಡು ಅಂಗೈಗಳನ್ನು ಹತ್ತಿರ ತಂದು ತೋರಿಸುತ್ತಿದ್ದರು. ಮಾಮಾನಿಗೆ ಬೆಲ್ಜಿಯಂನ ಕಾಡಿನ ಸರ್ಕೀಟು. ಅಲ್ಲಿ ಏರು, ಇಳಿಜಾರು, ಮಳೆ ಎಲ್ಲ ಉಂಟು. “ಮಳ್ಯಾಗ ಎಂಜಿನ್ ಎಲ್ಲಾರದೂ ಒಂದ. ಆಗ ಕಾಣಸ್ತೈತಿ ಯಾರ ಕೈಯಾಗ ಏನೈತಿ ಅಂತ,” ಎನ್ನುತ್ತಿದ್ದ. ನನ್ನದು ಹಳದಿ ಕಾರು. ಅದು ಯಾವಾಗಲೂ ಕೊನೆಗೆ; ಮುಕ್ಕಾಲು ಪಾಲು ರೇಸುಗಳಲ್ಲಿ ಹೊಗೆ ಬಿಟ್ಟು ಹುಲ್ಲಿನ ಮೇಲೆ ನಿಲ್ಲುತ್ತಿತ್ತು. ನಿಂತ ಕಾರಿನಿಂದ ಇಳಿದು ಆ ಡ್ರೈವರು ಒಬ್ಬನೇ ನಡೆದುಹೋಗುವುದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು. ಅಪ್ಪ ಒಮ್ಮೆ ಬಾಗಿಲಲ್ಲಿ ನಿಂತು ಹತ್ತು ನಿಮಿಷ ನೋಡಿ, “ಸುತ್ತಿ ಸುತ್ತಿ ಹೊಂಟಲ್ಲಿಗೇ ಬರತಾರ. ಇದಕ್ಕ ಇಷ್ಟ ಗದ್ದಲಾ?” ಎಂದು ಹೋಗಿದ್ದರು.

ಆ ವರ್ಷದ ಬೆಲ್ಜಿಯಂ ರೇಸಿನ ದಿನ ಅಲ್ಲೂ ಮಳೆ, ಇಲ್ಲೂ ಮಳೆ. ಹಳದಿ ಕಾರು ಅಂದು ಒಂದೊಂದೇ ಕಾರನ್ನು ಹಿಂದೆ ಹಾಕಿ ಐದನೆಯದಾಗಿ ಬಂತು. ಮಾಮಾ ನನ್ನನ್ನು ಎತ್ತಿ ಕುಣಿಸಿದ. ಆ ಹುರುಪಿನಲ್ಲಿ ನಾನು ಕೇಳಿದೆ:

“ಮಾಮಾ, ನೀನೂ ಹಿಂಗ ಹೊಡೀತಿ?”

“ನನ್ನ ಗಾಡಿ ಏನ್ ಕಮ್ಮಿ ಐತೇನ್ ಸುಮವ್ವಾ? ಬಣ್ಣ ಅಷ್ಟ ಹಳದಿ ಇಲ್ಲ.”

“ಹಂಗಾರ ನಾ ಟೈಮ್ ಹಿಡೀತೀನಿ.”

ಅಂಕಲ್ ನಗುತ್ತಾ ಕಪಾಟು ತೆರೆದು ತಮ್ಮ ಹಡಗಿನ ಕಾಲದ ಸ್ಟಾಪ್‌ವಾಚು ತೆಗೆದು ನನ್ನ ಕೊರಳಿಗೆ ಹಾಕಿದರು. ತಣ್ಣಗಿತ್ತು, ಭಾರವಾಗಿತ್ತು. ಇಡೀ ವಿಷಯ ಅಷ್ಟೇ. ಯಾರ ಮನಸ್ಸಿನಲ್ಲೂ ಬೇರೇನೂ ಇರಲಿಲ್ಲ.

ಅಕ್ಟೋಬರಿನಲ್ಲಿ ಗಣಿ ಶುರುವಾಯಿತು. ನಮ್ಮ ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಟಿಪ್ಪರಿನ ರಸ್ತೆಗೆ ಒಂದು ಮೋರಿ ಇತ್ತು. ಅದರ ಕಟ್ಟೆಯ ಮೇಲೆ ಕೂತರೆ ಕೆಳಗಿನ ತಿರುವಿನಲ್ಲಿರುವ ಸುಣ್ಣ ಬಳಿದ ಖುರೀಸು ಕಾಣುತ್ತಿತ್ತು. ಖುರೀಸೆಂದರೆ ದಾರಿಬದಿಯ ಶಿಲುಬೆ. ಮಾಮಾನ ಟಿಪ್ಪರು ಅದನ್ನು ದಾಟುವಾಗ ಹಾರ್ನು ಹೊಡೆಯಬೇಕು, ನಾನು ಗಡಿಯಾರ ಒತ್ತಬೇಕು. ಮೋರಿಯ ಮೇಲೆ ನಾನು ಸುಣ್ಣದಕಲ್ಲಿನಿಂದ ಎಳೆದ ಗೆರೆಯನ್ನು ಮುಂದಿನ ಚಕ್ರ ಮುಟ್ಟಿದಾಗ ಮತ್ತೆ ಒತ್ತಬೇಕು. ಮಾಮಾ ಎರಡು ಮಾತು ಹಾಕಿದ್ದ. ಖಾಲಿ ಗಾಡಿ ಮೇಲೆ ಬರುವಾಗ ಮಾತ್ರ, ತುಂಬಿದಾಗ ಇಲ್ಲ. ಇನ್ನೊಂದು, “ಕಟ್ಟೀ ಬಿಟ್ಟ ಇಳ್ಯಾಂಗಿಲ್ಲ. ಏನ ಆದ್ರೂ ಇಳ್ಯಾಂಗಿಲ್ಲ. ತಿಳೀತಿಲ್ಲೋ?”

ದಿನಾ ನಾಲ್ಕೂವರೆಗೆ ನಾನು ಕಟ್ಟೆಯ ಮೇಲೆ. ಐವತ್ತು ಸೆಕೆಂಡು, ನಲವತ್ತೇಳು, ನಲವತ್ತಾರು. ಸಂಜೆ ಮನೆಗೆ ಬಂದು ಮಾಮಾ ಕೈಕಾಲು ತೊಳೆಯುವಾಗ ನಾನು ಕಿವಿಯಲ್ಲಿ ಹೇಳುತ್ತಿದ್ದೆ. ಅವನು ಹುಬ್ಬು ಹಾರಿಸುತ್ತಿದ್ದ. ಒಂದು ದಿನ ನಲವತ್ತೊಂದು ಬಂತು. ಅಂದು ಅವನೇ ಸಪ್ಪಗೆ, “ಸಾಕವಾ, ಇದಕ್ಕಿಂತ ಜೋರ ಆಗೂದಿಲ್ಲ ನಮ್ಮ ಗಾಡಿ,” ಅಂದ. ನಾನು ಹಟ ಹಿಡಿದೆ. ನಲವತ್ತರ ಒಳಗೆ ಒಂದೇ ಒಂದು ಸಲ. ಅವನು ನನ್ನ ಮುಖ ನೋಡಿ ನಕ್ಕು, “ಆತು, ನಾಳಿ ಒಂದ ಸಲ,” ಅಂದ.

ಮರುದಿನ ಅವನ ಮುಂದೆ ಎರಡು ಟಿಪ್ಪರು ಹತ್ತಿ ಮೋರಿ ದಾಟಿಹೋದವು. ಧೂಳು ಅಡಗಲೆಂದು ರಸ್ತೆಗೆ ನೀರು ಹೊಡೆಯುವ ಟ್ಯಾಂಕರು ಅಂದು ಬಂದಿರಲಿಲ್ಲ. ಧೂಳು ಎದ್ದು ಖುರೀಸೂ ಕಾಣದಂತಾಯಿತು. ಹಾರ್ನು ಕೇಳಿತು, ಒತ್ತಿದೆ. ಕಟ್ಟೆಯ ಮೇಲಿಂದ ನನ್ನ ಗೆರೆ ಕಾಣುತ್ತಿರಲಿಲ್ಲ. ಗೆರೆ ಕಾಣದಿದ್ದರೆ ಸರಿಯಾಗಿ ಒತ್ತುವುದು ಹೇಗೆ? ಇಳಿದೆ. ಒಂದು ಹೆಜ್ಜೆ ಇಟ್ಟೆ, ಇನ್ನೂ ಕಾಣಲಿಲ್ಲ. ಮತ್ತೆರಡು ಹೆಜ್ಜೆ ಇಟ್ಟು ಗೆರೆಯ ಹತ್ತಿರ ಬಗ್ಗಿದೆ.

ಮಾಮಾನ ಮುಖ ಗಾಜಿನ ಹಿಂದೆ ಕಂಡದ್ದು ನನಗೆ ಇವತ್ತಿಗೂ ಕಾಣುತ್ತದೆ. ಬಾಯಿ ತೆರೆದಿತ್ತು. ಬೈಯುವ ಹಾಗೆ ಅಲ್ಲ, ಏನೋ ಕೇಳುವ ಹಾಗೆ. ಟಿಪ್ಪರು ನನ್ನ ಎದುರಿನಿಂದ ಪಕ್ಕಕ್ಕೆ ಜಾರಿ ಹೋಯಿತು. ಗೇರು ಮರವೊಂದು ಮುರಿದ ಸದ್ದು, ಆಮೇಲೆ ಕಬ್ಬಿಣ ಉರುಳಿದ ಸದ್ದು, ಆಮೇಲೆ ಮೇಲೆದ್ದ ಚಕ್ರವೊಂದು ಬರಿದೇ ತಿರುಗುವ ಸದ್ದು. ಧೂಳಿನ ಒಳಗಿನಿಂದ ಮಾಮಾ “ಯವ್ವಾ” ಅಂದ. ನಾನು ಅವನ ಕಡೆ ಹೋಗಲಿಲ್ಲ. ಮನೆಗೆ ಓಡಿದೆ. ಬಚ್ಚಲಿಗೆ ಹೋಗಿ ಚಿಲಕ ಹಾಕಿ ಕಾಲಿನ ಧೂಳು ತೊಳೆದುಕೊಂಡೆ, ತೊಳೆದದ್ದೇ ತೊಳೆದೆ.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದು ಅವ್ವನಿಗೆ ಹೇಳಿದರು. ಮಾಮಾನ ಬಲಗಾಲು ಜಜ್ಜಿಹೋಗಿದೆ, ಜೀವಕ್ಕೇನಿಲ್ಲ. “ಎಮ್ಮಿ ಅಡ್ಡ ಬಂತಂತ. ಅದನ್ನ ಉಳಸಾಕ ಹೋಗಿ ಹೊಳ್ಳಿಸ್ಯಾನ.”

ನಾನು ಅಲ್ಲೇ ಇದ್ದೆ.

ನಾಲ್ಕು ದಿನದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅವ್ವ ಔಷಧಿ ತರಲು ಹೋದಾಗ ನಾವಿಬ್ಬರೇ ಉಳಿದೆವು. ಕಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಹೊದಿಕೆ ಅಲ್ಲಿ ಚಪ್ಪಟೆಯಾಗಿತ್ತು. ನಾನು ಅದನ್ನೇ ನೋಡುತ್ತಾ, “ಮಾಮಾ, ನಾನು...” ಅಂದೆ.

“ಎಮ್ಮಿ ಬಂತವಾ,” ಅಂದ ಅವನು, ನನ್ನ ಮಾತಿನ ಮೇಲೆಯೇ. “ಕರೀ ಎಮ್ಮಿ. ಒಂದ ಕೊಂಬ ಮುರದಿತ್ತು.”

ಗಾಡಿಯ ಮಾಲೀಕ ಊರೆಲ್ಲ ವಿಚಾರಿಸಿದ. ಒಂದು ಕೊಂಬಿನ ಎಮ್ಮೆ ಯಾರ ಮನೆಯಲ್ಲೂ ಇರಲಿಲ್ಲ. ಹಾಗಾದರೆ ಸುಳ್ಳು ಎಂದರು. ಟೀವಿಯಲ್ಲಿ ರೇಸು ನೋಡಿ ನೋಡಿ ಕಲ್ಲಪ್ಪನಿಗೆ ಹುಚ್ಚು ಹಿಡಿದಿತ್ತು, ಮಜಾ ಮಾಡಲು ಹೋಗಿ ಗಾಡಿ ಮಲಗಿಸಿದ ಎಂದರು. ಕೆಲಸ ಹೋಯಿತು. ದೀಪಾವಳಿಯ ನಂತರ ಮದುವೆ ಗೊತ್ತಾಗಿತ್ತು, ಆ ಕಡೆಯವರು ಬೇರೆ ಗಂಡು ನೋಡಿಕೊಂಡರು. ಎಲ್ಲರ ಎದುರೂ ಮಾಮಾ ಒಂದೇ ಮಾತು ಹೇಳುತ್ತಿದ್ದ. ಹೇಳಿದಂತೆಲ್ಲ ಎಮ್ಮೆ ಬೆಳೆಯಿತು. ಅದರ ಕೊರಳಲ್ಲಿ ಹಗ್ಗದ ತುಂಡಿತ್ತು. ಅದರ ಬಲಗಣ್ಣಿಗೆ ಹೂವು ಬಿದ್ದಿತ್ತು. ನಾನು ಅದನ್ನು ಕನಸಿನಲ್ಲಿ ಕಾಣತೊಡಗಿದೆ. ಮೋರಿಯ ಮೇಲೆ ನಿಂತು ಆ ಬಿಳಿಗಣ್ಣಿನಿಂದ ನನ್ನನ್ನೇ ನೋಡುತ್ತಿತ್ತು.

ಅಪ್ಪ ಒಂದು ಸಂಜೆ ಎದುರು ಮನೆಯ ಅಂಗಳಕ್ಕೆ ಹೋಗಿ ಇನಾಸ್ ಅಂಕಲ್ ಮೇಲೆ ಕೂಗಾಡಿದರು. “ನಿಮ್ಮ ಟೀವಿ ನಮ್ಮ ಹುಡುಗನ ಕಾಲ ತಿಂತು!” ಅಂಕಲ್ ಅಂಗಿಯ ಗುಂಡಿ ಹಿಡಿದುಕೊಂಡು ನಿಂತು ಎಲ್ಲ ಕೇಳಿಸಿಕೊಂಡರು. ಮರುದಿನ ನಾನು ಸ್ಟಾಪ್‌ವಾಚು ಮರಳಿ ಕೊಡಲು ಹೋದೆ. ಅಂದು ರಸ್ತೆಗೆ ಬಡಿದು ಗಾಜು ಸೀಳಿತ್ತು, ಸಂದಿಯಲ್ಲಿ ಕೆಂಪು ಮಣ್ಣು ಕೂತಿತ್ತು. ಅಂಕಲ್ ಅದನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ತಲೆಯ ಮೇಲೆ ಕೈಯಿಟ್ಟು, “ಘರಾ ವಚ್ ಬಾಯ್,” ಅಂದರು. ಮನೆಗೆ ಹೋಗು ಮಗೂ, ಎಂದು. ಅವರಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಅಪ್ಪ ಅವರೊಡನೆ ಮತ್ತೆಂದೂ ಮಾತಾಡಲಿಲ್ಲ. ಅಂಕಲ್ ತೀರಿಕೊಂಡಾಗಲೂ ನಮ್ಮ ಮನೆಯಿಂದ ಹೋದವಳು ಅವ್ವ ಒಬ್ಬಳೇ.

ಮಾಮಾ ನಮ್ಮ ಮನೆಯಲ್ಲೇ ಉಳಿದ. ಕಟ್ಟಿಗೆಯ ಕಾಲು ಹಾಕಿಕೊಂಡು ಪಂಕ್ಚರ್ ಅಂಗಡಿಯಲ್ಲಿ ಕೂರುತ್ತಿದ್ದ. ರೇಸಿನ ಸುದ್ದಿ ಎತ್ತುತ್ತಿರಲಿಲ್ಲ. ಆದರೆ ಯಾವುದಾದರೂ ಗಾಡಿಯಲ್ಲಿ ಮುಂದೆ ಕೂತರೆ, ತಿರುವು ಬಂದಾಗ ಅವನ ಬಲತೊಡೆ ಬಿಗಿಯಾಗುವುದನ್ನು ನಾನು ನೋಡುತ್ತಿದ್ದೆ. ಇಲ್ಲದ ಪಾದದಿಂದ ಬ್ರೇಕು ಒತ್ತುತ್ತಿದ್ದ.

ನನ್ನ ಮದುವೆಯ ಹಿಂದಿನ ವಾರ ಧೈರ್ಯ ಮಾಡಿದೆ. ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅವನು ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ.

“ಮಾಮಾ, ಆವತ್ತ ನಾ ರೋಡಿಗೆ ಇಳದಿದ್ದೆ.”

ಅವನ ಕೈ ನೀರಿನಲ್ಲೇ ನಿಂತಿತು.

“ಇಲ್ಲವಾ,” ಅಂದ. “ನೀ ಕಟ್ಟೀ ಮ್ಯಾಲ ಕುಂತಿದ್ದಿ. ನಾ ನೋಡೀನಿ.”

“ಖರೇ ಹೇಳಾಕತ್ತೇನಿ ಮಾಮಾ. ಎಮ್ಮಿ ಇರಲೇ ಇಲ್ಲ.”

“ಗಾಡಿ ಹೊಡಿಯಾಂವ ನಾನೋ ನೀನೋ?” ಎಂದು ನಕ್ಕ. ಕಣ್ಣು ನಗಲಿಲ್ಲ. “ನೀ ಸಣ್ಣಾಕಿ ಇದ್ದಿ, ನಿನಗ ನೆನಪಿಲ್ಲ. ಹೋಗು, ಅವ್ವ ದಾರಿ ನೋಡಾಕತ್ತಿರ್ತಾಳ.”

ಎರಡು ವರ್ಷದ ಹಿಂದೆ ಮಾಮಾ ಕಾಮಾಲೆಯಾಗಿ ಹೋದ. ನಾನೀಗ ಫೋಂಡಾದಲ್ಲಿದ್ದೇನೆ. ಆಫೀಸಿನ ಹುಡುಗರು ಸೋಮವಾರ ಚಹಾಕ್ಕೆ ನಿಂತಾಗ ಮೊಬೈಲಿನಲ್ಲಿ ರೇಸಿನ ತುಣುಕು ಹಚ್ಚಿಕೊಂಡು ವಾದಿಸುತ್ತಾರೆ. ಟೈರು ಯಾವಾಗ ಬದಲಿಸಬೇಕಿತ್ತು, ಯಾವ ತಂಡ ಯಾವ ಡ್ರೈವರಿಗೆ ಮೋಸ ಮಾಡಿತು, ಯಾವ ಸರ್ಕೀಟು ಬೇಸರ. ನನಗೆ ಎಲ್ಲ ತಿಳಿಯುತ್ತದೆ, ಹೇಳಲು ನನ್ನದೂ ಒಂದೊಂದು ಮಾತಿರುತ್ತದೆ. ಚಹಾ ಮುಗಿಸಿ ನನ್ನ ಮೇಜಿಗೆ ಹೊರಟುಬಿಡುತ್ತೇನೆ. ಡಿಚೋಲಿಗೆ ಹೋದಾಗ ಆ ರಸ್ತೆಯಲ್ಲಿ ನಡೆದು ಬರುತ್ತೇನೆ. ಗಣಿ ನಿಂತು ವರ್ಷಗಳಾದವು. ಗೇರು ಮರಗಳು ಹಸಿರಾಗಿವೆ. ಇಲ್ಲಿ ಟಿಪ್ಪರುಗಳು ಸಾಲುಗಟ್ಟಿ ಓಡುತ್ತಿದ್ದವು ಎಂದರೆ ನನ್ನ ಮಗಳು ನಂಬುವುದಿಲ್ಲ.

ಕಳೆದದ್ದು ಏನೇನು ಎಂದು ಲೆಕ್ಕ ಹಾಕಲು ಕೂತರೆ ಮಾಮಾನ ಕಾಲು, ಆಗದ ಮದುವೆ, ಎರಡು ಮನೆಗಳ ನಡುವಿನ ಮಾತು, ಆ ಭಾನುವಾರಗಳ ಗದ್ದಲ ಎಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಅವಕ್ಕೆ ಹೆಸರಾದರೂ ಇದೆ. ಹೆಸರಿಲ್ಲದ್ದು ಇನ್ನೊಂದು. ನಾನು ತಪ್ಪು ಒಪ್ಪಿಕೊಳ್ಳಬೇಕಾಗಿದ್ದದ್ದು ಒಬ್ಬನ ಮುಂದೆ. ನಿನ್ನಿಂದ ತಪ್ಪೇ ಆಗಿಲ್ಲ ಎಂದು ಕೊನೆಯವರೆಗೂ ಹೇಳಿ ಅವನು ಹೋಗಿಬಿಟ್ಟ. ಈಗ ಯಾರ ಹತ್ತಿರ ಹೋಗಿ ಕ್ಷಮೆ ಕೇಳಲಿ?